ದೇವರಿಗೆ ಸೋಮವಾರ ರಜೆ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಸೋಮವಾರ ಮತ್ತು ಗುರುವಾರ. ನಮ್ಮ ಕ್ರೈಸ್ತರ ಆರಾಧನೆ ರವಿವಾರ. ನಡುವೆ ಇರುವುದು ಒಂದೇ ರಾತ್ರಿ. ಹತ್ತು ಆಜ್ಞೆ ಮರೆಯಲು ಅಷ್ಟು ಸಾಕು.

ರವಿವಾರ ಬಿಳಿ ಅಂಗಿ, ಕಂಕುಳಲ್ಲಿ ಬೈಬಲ್, ಕಣ್ಣಲ್ಲಿ ನೀರು. ಸೋಮವಾರ ಆ ನೀರು ಮೆಣಸಿನಕಾಯಿ ಚೀಲಕ್ಕೆ. ಒದ್ದೆ ಕಾಯಿ ತೂಗುತ್ತದೆ, ನೋಡಿ. ಗುಂಟೂರು ಕಾಯಿ ಬೆರೆಸಿ ಬ್ಯಾಡಗಿ ಡಬ್ಬಿ ತಳಿ ಎನ್ನಲು ನಾಲಗೆ ತಡವರಿಸುವುದಿಲ್ಲ. ಹಿಂದಿನ ದಿನವಷ್ಟೇ ಕೀರ್ತನೆ ಹಾಡಿ ಹದಗೊಂಡ ನಾಲಗೆ.

ಎಲ್ಲ ಜಾತಿಯವರೂ ಮಾಡುವುದೇ ಇದು, ನಮ್ಮವರದೇನು ವಿಶೇಷ ಅನ್ನುತ್ತೀರಿ. ಒಪ್ಪಿದೆ. ಆದರೆ ಉಳಿದವರು ಮುನ್ನಾದಿನ ಮೈಕ್ ಹಿಡಿದು ನಾನು ಹೊಸ ಮನುಷ್ಯನಾದೆ ಎಂದು ಅತ್ತಿರುವುದಿಲ್ಲ.

ರಾಣೆಬೆನ್ನೂರಿಗೆ ಬನ್ನಿ. ಮೀಟರ್ ಬಡ್ಡಿಗೆ ಸಾಲ ಕೊಡುವ ವಿಶ್ವಾಸಿ ದಶಮಾಂಶ ಮಾತ್ರ ತಪ್ಪಿಸುವುದಿಲ್ಲ. ವಸೂಲಾದ ಬಡ್ಡಿಯಲ್ಲಿ ದೇವರಿಗೂ ಶೇಕಡಾ 10. ಪರಲೋಕದ ತಂದೆ ಈಗ ಧಂದೆಯಲ್ಲಿ ಪಾಲುದಾರ. ಹಾವೇರಿಯಲ್ಲಿ ಫೈಲು ಸರಿಸಲು ಕೈಯೊಡ್ಡುವ ನೌಕರ, ಮೇಜಿನ ಕೆಳಗೆ ಬಂದದ್ದಕ್ಕೆ ಮೇಲಿನಿಂದ ಬಂದ ಆಶೀರ್ವಾದ ಎನ್ನುತ್ತಾನೆ.

ಚರ್ಚಿನ ಸುಗ್ಗಿ ಹಬ್ಬದ ಲಿಲಾವು ನೋಡಬೇಕು. ಒಂದು ಕುಂಬಳಕಾಯಿಗೆ ಸಾವಿರಾರು ರೂಪಾಯಿ ಕೂಗುತ್ತಾರೆ, ಇಡೀ ಸಭೆಗೆ ಕೇಳುವಂತೆ. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಕೂಲಿಗೆ 20 ರೂಪಾಯಿ ಸೇರಿಸಿ ಅಂದರೆ ಅದೇ ಜನಕ್ಕೆ ಕಿವಿ ಕೇಳಿಸುವುದಿಲ್ಲ. ಕೂಲಿ ಹಿಡಿದ ಧನಿಕರನ್ನು ಯಾಕೋಬ ತನ್ನ ಪತ್ರದಲ್ಲಿ ಚೆನ್ನಾಗಿ ಝಾಡಿಸಿದ್ದಾನೆ. ಆ ಅಧ್ಯಾಯದ ಮೇಲೆ ಪ್ರಸಂಗ ಕೇಳಿದ್ದು ನಿಮಗೆ ನೆನಪಿದೆಯೇ?

ನಮ್ಮ ಕಡೆ ಸಭೆ ಕಟ್ಟಿದ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. ಹತ್ತು ವರ್ಷದೊಳಗೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿ ಮುಟ್ಟಿತು. ಆ ಪಾದ್ರಿಗಳು ಬಲು ಬಿಗಿ. ಕುಡಿದವನಿಗೆ, ಜಾತಿ ಬಿಡದವನಿಗೆ ಪ್ರಭುಭೋಜನವಿಲ್ಲ. ಈಗ ಆ ನಿಯಮ ಜಾರಿಗೆ ತಂದರೆ ರೊಟ್ಟಿಯೆಲ್ಲ ಮಿಕ್ಕೀತು. ಈಗಿನ ಪಾದ್ರಿ ಅಯ್ಯನವರು ತರುವುದೂ ಇಲ್ಲ. ಕಮಿಟಿ ಚುನಾವಣೆ ಹತ್ತಿರದಲ್ಲಿದೆ.

ಜಾತಿ ಅಂದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಹಿಂದುಳಿದ ವರ್ಗಗಳ ಆಯೋಗ ನಡೆಸಿದ ಸಮೀಕ್ಷೆಯ ಜಾತಿ ಪಟ್ಟಿಯಲ್ಲಿ ಕುರುಬ ಕ್ರೈಸ್ತ, ಬ್ರಾಹ್ಮಣ ಕ್ರೈಸ್ತ ಎಂಬಂಥ ಹೆಸರು ಕಂಡು ರಾಜ್ಯವೆಲ್ಲ ಗದ್ದಲ. ಆಯೋಗ 33 ಹೆಸರುಗಳನ್ನು ಮರೆಮಾಡಿತು. ನಾವೂ ಮುಖ ಸಿಂಡರಿಸಿದೆವು: ಕ್ರೈಸ್ತರಲ್ಲಿ ಎಲ್ಲಿಯ ಜಾತಿ? ಆಯೋಗದವರು ನಮ್ಮ ಮನೆಯ ಒಂದು ಮದುವೆ ಮಾತುಕತೆಗೆ ಬಂದು ಕುಳಿತಿದ್ದರೆ ಪೂರ್ತಿ ಪಟ್ಟಿ ಸಿಗುತ್ತಿತ್ತು. ಕ್ರಿಸ್ತನಲ್ಲಿ ಭೇದವಿಲ್ಲ. ಬೀಗರಲ್ಲಿ ಇದೆ.

ಇನ್ನು ಜಗಳದ ಮಾತು. ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗುವುದೇ ನಾಚಿಕೆಗೇಡು ಎಂದು ಪೌಲ ಕೊರಿಂಥದವರಿಗೆ ಬರೆದ. 2024ರಲ್ಲಿ ನಮ್ಮವರದೇ ವ್ಯಾಜ್ಯದಲ್ಲಿ ದಕ್ಷಿಣ ಭಾರತ ಸಭೆಯ, ಅಂದರೆ ಸಿಎಸ್‌ಐ ಸಿನಾಡಿನ ಆಡಳಿತ ನೋಡಿಕೊಳ್ಳಲು ಮದ್ರಾಸ್ ಹೈಕೋರ್ಟ್ ಇಬ್ಬರು ನಿವೃತ್ತ ನ್ಯಾಯಮೂರ್ತಿಗಳನ್ನು ನೇಮಿಸಿತು. ಪೌಲನಿಗೆ ವಕೀಲರಿರಲಿಲ್ಲ, ಪಾಪ.

ಇನ್ನು ಸರ್ಕಾರದ ತಮಾಷೆ. ಆಗ ನಮ್ಮ ಹಾವೇರಿ ಜಿಲ್ಲೆಯ ಶಿಗ್ಗಾಂವಿಯ ಶಾಸಕರಾಗಿದ್ದ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದಾಗ, 2022ರಲ್ಲಿ, ಮತಾಂತರದ ವಿರುದ್ಧ ಕಾಯ್ದೆ ಬಂತು. ಉತ್ತಮ ಜೀವನಶೈಲಿಯ ಆಸೆ ತೋರಿಸುವುದೂ ಅದರಲ್ಲಿ ಆಮಿಷ. ಎಂಥ ಹೊಗಳಿಕೆ! ನಮ್ಮ ಬದುಕು ನೋಡಿ ಜನ ಮರುಳಾಗುತ್ತಾರೆಂದು ವಿಧಾನಸೌಧಕ್ಕೆ ಭಯ. ನಮ್ಮ ಓಣಿಯವರನ್ನು ಒಂದು ಮಾತು ಕೇಳಿದ್ದರೆ ಆ ಭಯ ಬಿಟ್ಟು ಹೋಗುತ್ತಿತ್ತು. ನಮ್ಮನ್ನು ಇಷ್ಟು ವರ್ಷ ನೋಡಿಯೂ ಯಾರೂ ಮರುಳಾಗಿಲ್ಲ.

ಬದುಕು ಬದಲಾಗುವುದೆಂದರೆ ಏನೆಂದು ಬೈಬಲಿನಲ್ಲೇ ಇದೆ. ಯೆರಿಕೋವಿನ ಜಕ್ಕಾಯ ಸುಂಕದವನು. ಯೇಸುವನ್ನು ಮನೆಗೆ ಕರೆದುಕೊಂಡ ದಿನವೇ ಅರ್ಧ ಆಸ್ತಿ ಬಡವರಿಗೆ ಅಂದ. ಮೋಸದಿಂದ ಕಿತ್ತದ್ದು ನಾಲ್ಕು ಪಟ್ಟು ವಾಪಸ್ ಅಂದ. ಸಂಡೇಸ್ಕೂಲಿನಲ್ಲಿ ಕಲಿತ ನಮಗೆ ಅವನು ಯೇಸುವನ್ನು ನೋಡಲು ಮರ ಹತ್ತಿದ್ದಷ್ಟೇ ನೆನಪು.

ಮುಂದಿನ ಸಲ ಯಾರಾದರೂ ಸಾಕ್ಷಿ ಹೇಳಲು ಎದ್ದರೆ ಸುಮ್ಮನೆ ಕೇಳಿಸಿಕೊಳ್ಳಿ. ಸೈಟು ಸಿಕ್ಕಿದ್ದು, ಮಗನಿಗೆ ನೌಕರಿಯಾದದ್ದು, ಮೊಣಕಾಲು ನೋವು ಹೋದದ್ದು ಎಲ್ಲ ಹೇಳಿ ಮುಗಿಸಲಿ. ಆಮೇಲೆ ಒಂದೇ ಪ್ರಶ್ನೆ ಹಾಕಿ: ಯಾರ್‍ಯಾರಿಗೆ ಎಷ್ಟೆಷ್ಟು ವಾಪಸ್ ಕೊಟ್ರಿ, ಅಣ್ಣಾವ್ರೆ?