ಯಾವ ಲೆನ್ಸು, ರಾಯರೇ?

ಹಲ್ಲುನೋವಿಲ್ಲದೆ ಹಲ್ಲಿನ ಡಾಕ್ಟರ ಷಾಪಿಗೆ ಹೋಗುವವರು ಮೈಸೂರಿನಲ್ಲಿ ನಾವೊಂದು ಹತ್ತು ಹನ್ನೆರಡು ಮಂದಿ ಇದ್ದೇವೆ. ಭಾನುವಾರ ಸಂಜೆ ಅಲ್ಲಿ ರೋಗಿಗಳಿರುವುದಿಲ್ಲ. ಕಾಯುವ ಕೋಣೆಯಲ್ಲಿ ಕುರ್ಚಿಗಳು ಸಾಲಾಗಿವೆ, ಗೋಡೆಯ ಮೇಲೆ ದೊಡ್ಡ ಟಿವಿಯೊಂದಿದೆ. ವಾರವೆಲ್ಲ ಹಲ್ಲುಜ್ಜುವ ಕ್ರಮವನ್ನು ತೋರಿಸಿ ಬೇಸತ್ತ ಆ ಟಿವಿ ಅವತ್ತೊಂದು ದಿನ ನಮ್ಮ ಫೋಟೋಗಳನ್ನು ತೋರಿಸುತ್ತದೆ. ಡಾಕ್ಟರಿಗೂ ಕ್ಯಾಮೆರಾ ಹುಚ್ಚು. ಅವರ ಮ್ಯಾಕ್ರೋ ಲೆನ್ಸು ರೋಗಿಗಳ ದವಡೆಹಲ್ಲಿನ ಫೋಟೋ ತೆಗೆಯಲೆಂದು ಕೊಂಡದ್ದು. ಈಗ ಅದು ಹೆಚ್ಚಾಗಿ ಜೇಡರ ಹುಳುವಿನ ಕಣ್ಣು ನೋಡುತ್ತದೆ. ಲೆಕ್ಕಪತ್ರದಲ್ಲಿ ಮಾತ್ರ ಇನ್ನೂ ಹಲ್ಲಿನ ಬಾಬಿಗೇ ಸೇರಿದೆ.

ನಮ್ಮ ನಿಯಮ ಸರಳ. ವಾರಕ್ಕೊಂದು ವಿಷಯ, ತಲೆಗೊಂದು ಫೋಟೋ, ಅದೂ ಆ ವಾರದಲ್ಲೇ ತೆಗೆದದ್ದು. ಹಳೆಯ ಸರಕು ನಡೆಯುವುದಿಲ್ಲ. ಡಿಜಿಟಲ್ ಫೋಟೋದ ಹೊಟ್ಟೆಯೊಳಗೆ ದಿನಾಂಕ, ಲೆನ್ಸು, ಶಟರ್ ಸ್ಪೀಡು ಎಲ್ಲವೂ ದಾಖಲಾಗಿರುವುದರಿಂದ ಗುಂಪಿನ ಸಾಫ್ಟ್‌ವೇರ್ ಹುಡುಗ ಮೌಸನ್ನು ಎರಡು ಸಲ ಕುಟ್ಟಿ ಎಲ್ಲರ ಜಾತಕ ಓದಿಬಿಡುತ್ತಾನೆ. ಸೀರೆ ಅಂಗಡಿ ಯಜಮಾನರ ಕ್ಯಾಮೆರಾ ಮಾತ್ರ 2012ರ ಜನವರಿ ಒಂದನೇ ತಾರೀಖಿನಲ್ಲೇ ನಿಂತುಬಿಟ್ಟಿದೆ. ಅವರು ಏನು ತಂದರೂ ಹಳೆಯದೇ ಇರಬೇಕೆಂದು ಗುಮಾನಿ. ಸರಿಮಾಡಿಕೊಡುತ್ತೇವೆಂದರೆ, "ಇರಲಿ ಬಿಡಿ, ಯಾವಾಗಲೂ ಹೊಸ ವರ್ಷ ಅಂತ ಇದ್ರೆ ಒಳ್ಳೇದಲ್ವಾ" ಎನ್ನುತ್ತಾರೆ.

ವಿಷಯಗಳನ್ನು ಚೀಟಿ ಎತ್ತಿ ಆರಿಸುತ್ತೇವೆ. ಬಾಗಿಲು, ನೆರಳು, ಕಾಯುವವರು, ಹೀಗೆ. ಸೋಮವಾರದಿಂದ ಶುಕ್ರವಾರದವರೆಗೆ ಯಾರೂ ಕ್ಯಾಮೆರಾ ಮುಟ್ಟುವುದಿಲ್ಲ. ಶನಿವಾರ ಸಂಜೆ ದಿಗಿಲು ಹತ್ತುತ್ತದೆ. 'ಕೆಂಪು' ಬಂದ ವಾರ ದೇವರಾಜ ಮಾರುಕಟ್ಟೆಯ ಕುಂಕುಮದ ಅಂಗಡಿಗಳ ಮುಂದೆ ನಮ್ಮ ಸದಸ್ಯರು ಒಬ್ಬರ ಕಣ್ಣಿಗೊಬ್ಬರು ಬೀಳದಂತೆ ಬಾಳೆಗೊನೆಗಳ ಮರೆಯಲ್ಲಿ ಓಡಾಡುತ್ತಿದ್ದರು. ಆ ಮಾರುಕಟ್ಟೆಯಲ್ಲಿ ಗೋಪುರದ ಹಾಗೆ ಪೇರಿಸಿಟ್ಟ ಬಣ್ಣದ ಪುಡಿಗಳಷ್ಟು ಫೋಟೋ ತೆಗೆಸಿಕೊಂಡ ವಸ್ತು ಮೈಸೂರಿನಲ್ಲಿ ಅರಮನೆ ಬಿಟ್ಟರೆ ಇನ್ನೊಂದಿರಲಾರದು. ಅಂಗಡಿಯವನು ನನ್ನನ್ನು ನೋಡಿ ಮುಲಾಜಿಲ್ಲದೆ ಹೇಳಿದ: "ನಿಮ್ಮೋರೇ ಇನ್ನೊಬ್ರು ಈಗ ತಾನೆ ತಕ್ಕೊಂಡು ಹೋದ್ರು ಸಾರ್. ಅವ್ರಿಗೆ ಬೆಳಕು ಚೆನ್ನಾಗಿತ್ತು."

ಟಿವಿಯ ಮೇಲೆ ಫೋಟೋ ಬಂದ ಕೂಡಲೇ ವಿಮರ್ಶೆ ಶುರು. ಮೊದಲನೆಯದು ಯಾವಾಗಲೂ "ಸ್ವಲ್ಪ ಎಡಕ್ಕೆ ಬಂದು ತೆಗೀಬೇಕಿತ್ತು." ಎಡಕ್ಕೆ ಚರಂಡಿ ಇತ್ತು ಎಂದರೆ ಯಾರೂ ಒಪ್ಪುವುದಿಲ್ಲ, ಕಲೆಗಾಗಿ ಚರಂಡಿಗಿಳಿಯಲು ತಯಾರಿಲ್ಲದವನು ಕ್ಯಾಮೆರಾ ಯಾಕೆ ಹಿಡಿಯಬೇಕು ಎಂಬ ನೋಟ. ಎರಡನೆಯದು "ಕ್ರಾಪ್ ಮಾಡಬಹುದು." ಇದನ್ನು ಯಾವ ಫೋಟೋಕ್ಕೆ ಬೇಕಾದರೂ ಧೈರ್ಯವಾಗಿ ಹೇಳಬಹುದು. ಮೂರನೆಯದು ಚೌಕಟ್ಟನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಭಾಗ ಮಾಡಿ, ಗೆರೆಗಳು ಕೂಡುವಲ್ಲಿ ಮುಖ್ಯ ವಸ್ತುವನ್ನು ಕೂರಿಸಬೇಕೆಂಬ ಶಾಸ್ತ್ರ. ಈ ಮೂರನೇ ಒಂದರ ಮಾತು ಕ್ಯಾಮೆರಾಗಿಂತ ಹಳೆಯದು. ಫೋಟೋಗ್ರಫಿಯ ಸುದ್ದಿ ಲೋಕಕ್ಕೆ ತಿಳಿದದ್ದು 1839ರಲ್ಲಿ. ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್ ಎಂಬಾತ ಹಳ್ಳಿಗಾಡಿನ ದೃಶ್ಯ ಬರೆಯುವ ಚಿತ್ರಕಾರರಿಗೆ ಇದನ್ನು ಉಪದೇಶಿಸಿದ್ದು 1797ರಲ್ಲಿ. ಅಂದಿನಿಂದ ಎಷ್ಟು ಬಡಪಾಯಿ ಮರಗಳು ಚೌಕಟ್ಟಿನ ನಡುವಿನಿಂದ ಎದ್ದು ಪಕ್ಕಕ್ಕೆ ಸರಿದು ನಿಂತಿವೆಯೋ.

ಹೊಸಬರು ಬಂದ ದಿನ ಅಪರ್ಚರಿನ ಪಾಠ ಆಗಲೇಬೇಕು. ಲೆನ್ಸಿನ ಒಳಗೆ ಬೆಳಕು ಬರುವ ತೂತಿನ ಅಳತೆಗೆ ಎಫ್ ಸಂಖ್ಯೆ ಎನ್ನುತ್ತಾರಷ್ಟೆ. ಸಂಖ್ಯೆ ದೊಡ್ಡದಾದಷ್ಟೂ ತೂತು ಚಿಕ್ಕದು. ಇಲ್ಲಿಗೇ ಅರ್ಧ ಜನ ಕೈಚೆಲ್ಲುತ್ತಾರೆ. ನಮ್ಮಲ್ಲಿ ಪಿಯು ಕಾಲೇಜಿನ ಗಣಿತದ ಮೇಷ್ಟರಿರುವುದು ಪುಣ್ಯ. ಡಾಕ್ಟರ ಔಷಧಿ ಚೀಟಿಯ ಮೇಲೆ ಅವರು ವೃತ್ತ ಬರೆದು ವಿವರಿಸುತ್ತಾರೆ: ಅದು ಛೇದದ ಸಂಖ್ಯೆ ಕಣಯ್ಯಾ. 50 ಮಿಲಿಮೀಟರಿನ ಲೆನ್ಸನ್ನು ಎಫ್ 2ಕ್ಕೆ ಇಟ್ಟರೆ ತೂತು 25 ಮಿಲಿಮೀಟರ್ ಅಗಲ; 16ಕ್ಕೆ ಇಟ್ಟರೆ ಮೂರು ಮಿಲಿಮೀಟರಿಗಿಂತ ಚೂರು ಹೆಚ್ಚು. ಹಾಗಾದರೆ 1.4, 2, 2.8, 4, 5.6 ಎಂಬ ಈ ವಿಚಿತ್ರ ಮಗ್ಗಿ ಎಲ್ಲಿಂದ ಬಂತು? ಪ್ರತಿ ಮೆಟ್ಟಿಲಿಗೂ ಬೆಳಕು ಸರಿಯಾಗಿ ಅರ್ಧ ಆಗಬೇಕು. ವೃತ್ತದ ವಿಸ್ತೀರ್ಣ ಅರ್ಧವಾಗಬೇಕಾದರೆ ಅಗಲವನ್ನು ಎರಡರ ವರ್ಗಮೂಲದಿಂದ ಭಾಗಿಸಬೇಕು. ಅದೇ 1.4. ಹತ್ತನೇ ತರಗತಿಯಲ್ಲಿ ಯಾತಕ್ಕೆ ಕಲಿಯುತ್ತಿದ್ದೇವೆಂದು ಗೊತ್ತಾಗದೆ ಉರುಹೊಡೆದ ವರ್ಗಮೂಲ ಲೆನ್ಸಿನ ಬಳೆಯ ಮೇಲೆ ಕೆತ್ತಿಕೊಂಡು ಕೂತಿರುವುದನ್ನು ಕಂಡು ಮೇಷ್ಟರಿಗೆ ಆಗುವ ಆನಂದ ನೋಡಬೇಕು.

ತೂತು ದೊಡ್ಡದಾದರೆ ಬೆಳಕು ಹೆಚ್ಚು ಬರುತ್ತದೆ, ಆದರೆ ಎದುರಿಗಿರುವ ಮುಖ ಬಿಟ್ಟು ಹಿಂದಿನದೆಲ್ಲ ಮಸುಕಾಗುತ್ತದೆ ಎಂದು ಅವರು ಮುಂದುವರಿಸಿದಾಗ ಎಲ್‌ಐಸಿಯ ಮೇಡಂ ತಲೆದೂಗಿದರು. "ಅರ್ಥ ಆಯ್ತು ಮೇಷ್ಟ್ರೇ. ಬೆಳಕು ಜಾಸ್ತಿ ಆದ ಹಾಗೆಲ್ಲ ಹಿಂದೆ ಇರೋರು ಕಾಣಲ್ಲ. ನಮ್ಮ ಮೈದುನನೂ ಹಾಗೇ."

ಬ್ಯಾಂಕಿನಿಂದ ನಿವೃತ್ತರಾದ ಒಬ್ಬರಿದ್ದಾರೆ. ಅವರ ಬಾಲ್ಯ ಕಳೆದದ್ದು ಆಗ್ಫಾ ಕ್ಲಿಕ್ ತ್ರೀ ಡಬ್ಬದ ಜೊತೆ. ಒಂದು ರೀಲಿಗೆ ಹನ್ನೆರಡೇ ಫೋಟೋ. ಹನ್ನೊಂದಾದ ಮೇಲೆ ಹನ್ನೆರಡನೆಯದಕ್ಕೆ ಶುಭ ಸಂದರ್ಭ ಕಾಯುತ್ತ ರೀಲು ತಿಂಗಳುಗಟ್ಟಲೆ ಒಳಗೇ ಕೂತಿರುತ್ತಿತ್ತಂತೆ. ತೊಳೆಸಿದಾಗ ಅಕ್ಕನ ಸೀಮಂತವೂ ಅದೇ ಕೂಸಿನ ಅನ್ನಪ್ರಾಶನವೂ ಒಟ್ಟಿಗೇ ಹೊರಗೆ ಬರುತ್ತಿದ್ದವು. ಅವರು ಇಂದಿಗೂ ಮೀಟರನ್ನು ನಂಬುವುದಿಲ್ಲ. ಹದಿನಾರರ ಸೂತ್ರ ಹೇಳುತ್ತಾರೆ. ಸುಡು ಬಿಸಿಲಿನಲ್ಲಿ ಅಪರ್ಚರ್ 16 ಇಡು, ಐಎಸ್‌ಒ ನೂರಿದ್ದರೆ ಶಟರ್ ಸೆಕೆಂಡಿನ ನೂರನೇ ಒಂದು ಭಾಗ, ಇನ್ನೂರಿದ್ದರೆ ಇನ್ನೂರನೇ ಒಂದು. ಅಷ್ಟೆ. ಮೂರು ಲಕ್ಷದ ಕ್ಯಾಮೆರಾ ಲೆಕ್ಕಹಾಕಿ ತೋರಿಸುವ ಉತ್ತರವೂ ಹೆಚ್ಚುಕಡಿಮೆ ಇದೇ ಎಂದು ಸಾಬೀತುಮಾಡಿ ಅವರು ಕಾಫಿ ಹೀರುವಾಗ, ಮೂರು ಲಕ್ಷ ಕೊಟ್ಟವರು ಬೇರೆ ಕಡೆ ನೋಡುತ್ತಾರೆ.

ಮೈಸೂರಿನವರಿಗೆ ಈ ವಿಷಯದಲ್ಲಿ ಒಂದು ಕೋಡು ಹೆಚ್ಚೇ. ಟಿ.ಎಸ್. ಸತ್ಯನ್ 1923ರಲ್ಲಿ ಇಲ್ಲೇ ಹುಟ್ಟಿ, 2009ರಲ್ಲಿ ಇಲ್ಲೇ ತೀರಿಕೊಂಡವರು. ಸಿಡುಬು ನಿರ್ಮೂಲನದ ಕೆಲಸವನ್ನು ವಿಶ್ವ ಆರೋಗ್ಯ ಸಂಸ್ಥೆಗಾಗಿ ಚಿತ್ರಿಸಿದವರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಅವರ ಹೆಸರೆತ್ತಿದರೆ ನಮ್ಮಲ್ಲಿ ಎಲ್ಲರೂ ಸೆಟೆದು ಕೂರುತ್ತಾರೆ. ಬೆಂಗಳೂರಿನಿಂದ ವರ್ಗವಾಗಿ ಬಂದವರೊಬ್ಬರು ಸುಮ್ಮನಿರದೆ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರನ್ನು ಮುಂದಿಡುತ್ತಾರೆ. ತಾನೇ ಫೋಕಸ್ ಮಾಡಿಕೊಳ್ಳುವ ಲೆನ್ಸು ಇಲ್ಲದ ಕಾಲದಲ್ಲಿ, ತೊಳೆದು ನೋಡುವವರೆಗೆ ಏನು ಬಂದಿದೆಯೆಂದು ತಿಳಿಯದ ಫಿಲ್ಮಿನಲ್ಲಿ ಹಕ್ಕಿಗಳನ್ನು ಹಿಡಿದ ಮಹನೀಯರು. ನನಗೆ ಮಾತ್ರ ಸೊಂಡೂರಿನ ಎಂ.ವೈ. ಘೋರ್ಪಡೆಯವರ ಮೇಲೆ ಬೆರಗು. ದೇವರಾಜ ಅರಸರ ಸಂಪುಟದ ಹಣಕಾಸು ಮಂತ್ರಿ ಕಪ್ಪುಬಿಳುಪಿನಲ್ಲಿ ಕಾಡಾನೆಗಳ ಚಿತ್ರ ತೆಗೆಯುತ್ತಿದ್ದರು. ಬಜೆಟ್ಟು ಬರೆಯುವವರಿಗೆ ಆನೆಗಾಗಿ ಕಾಯುವ ವ್ಯವಧಾನ ಎಲ್ಲಿಂದ ಸಿಕ್ಕಿತೋ! ಅಥವಾ ಆನೆಗೆ ಕಾದು ಅಭ್ಯಾಸವಾಗಿದ್ದವರಿಗೇ ಬಜೆಟ್ಟು ಸಲೀಸಾಯಿತೋ.

ಹಕ್ಕಿಯ ಮಾತು ಬಂತು. ರಂಗನತಿಟ್ಟಿನಲ್ಲಿ ದೋಣಿ ನಡೆಸುವವರಷ್ಟು ಚೆನ್ನಾಗಿ ಫೋಟೋಗ್ರಫಿ ಕಲಿಸುವವರು ಇನ್ನಾರೂ ಇಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. "ಸಾರ್, ಕತ್ತು ಮುಂದಕ್ಕೆ ಹಾಕ್ತು ನೋಡಿ, ಈಗ ಹಾರ್ತದೆ" ಎನ್ನುತ್ತಾರೆ. ಬಣ್ಣದ ಕೊಕ್ಕರೆ ಅವರ ಅಪ್ಪಣೆಗೇ ಕಾಯುತ್ತಿದ್ದಂತೆ ಹಾರುತ್ತದೆ. ಶಟರ್ ಎರಡು ಸಾವಿರಕ್ಕೆ ಇಟ್ಟುಕೊಳ್ಳಿ ಎಂದೂ, ಅಲುಗಾಡುವ ದೋಣಿಯಲ್ಲಿ ಟ್ರೈಪಾಡ್ ದಂಡ ಎಂದೂ ಅವರೇ ಹೇಳಿಕೊಡುತ್ತಾರೆ. ಗೂಡಿನಲ್ಲಿ ಮರಿಗಳಿರುವಾಗ ಹತ್ತಿರ ಹೋಗಿ ತೆಗೆದ ಫೋಟೋಗಳನ್ನು ನಮ್ಮ ಟಿವಿಗೆ ಹಾಕುವುದಿಲ್ಲ. ಈ ಒಂದು ವಿಷಯದಲ್ಲಿ ವಾದಕ್ಕೆ ಅವಕಾಶವಿಲ್ಲ, ಇರಲೂಬಾರದು.

ಸ್ಪರ್ಧೆಗಳ ಕಾನೂನು ಮಾತ್ರ ನನಗೆ ಇಂದಿಗೂ ಜೀರ್ಣವಾಗಿಲ್ಲ. ಜಗತ್ತಿನ ದೊಡ್ಡ ಫೋಟೋಗ್ರಫಿ ಸಂಸ್ಥೆಗಳು ಮೂರು ಸೇರಿ 2014ರಲ್ಲಿ ನಿಸರ್ಗ ಚಿತ್ರ ಎಂದರೇನು ಎಂಬ ಒಂದೇ ವ್ಯಾಖ್ಯೆಗೆ ಒಪ್ಪಿಕೊಂಡವು. ಅದರ ಪ್ರಕಾರ ಸಾಕುಪ್ರಾಣಿ ನಿಸರ್ಗವಲ್ಲ, ಬೆಳೆಸಿದ ಗಿಡವೂ ಅಲ್ಲ. ಸೀರೆ ಅಂಗಡಿ ಯಜಮಾನರು ವರುಣಾ ಕೆರೆಯ ಕಡೆಯಿಂದ ತಂದ ಅಪೂರ್ವ ಚಿತ್ರವೊಂದಿತ್ತು: ಎಮ್ಮೆಯ ಬೆನ್ನ ಮೇಲೆ ನಿಂತ ಗೋವಕ್ಕಿ, ಕೊಕ್ಕಿನಲ್ಲಿ ಮಿಡತೆ, ಸಂಜೆಯ ಹೊಂಬಿಸಿಲು. ಸ್ಪರ್ಧೆಗೆ ಕಳಿಸೋಣವೆಂದರೆ ಹಕ್ಕಿ ಪಾಸು, ಮಿಡತೆ ಪಾಸು, ಎಮ್ಮೆ ಫೇಲು. "ಹಾಗಾದ್ರೆ ಎಮ್ಮೇನ ಕ್ರಾಪ್ ಮಾಡ್ಲಾ?" ಎಂದರು ಯಜಮಾನರು. ಹಕ್ಕಿ ಗಾಳಿಯಲ್ಲಿ ನಿಲ್ಲಬೇಕಾಗುತ್ತದೆ.

ಫೋನೇ ಸಾಕು ಎನ್ನುವವರೂ ನಮ್ಮಲ್ಲಿದ್ದಾರೆ, ಸಾಫ್ಟ್‌ವೇರ್ ಹುಡುಗ ಅವರ ನಾಯಕ. ದೊಡ್ಡ ಲೆನ್ಸು ಗಾಜಿನಿಂದ ಮಾಡುವ ಮಸುಕನ್ನು ಫೋನು ಲೆಕ್ಕಹಾಕಿ ಮಾಡುತ್ತದೆ. ಯಾವುದು ಮುಖ, ಯಾವುದು ಹಿನ್ನೆಲೆ ಎಂದು ಅಂದಾಜಿಸಿ ಹಿಂದಿನದನ್ನು ಮಸುಕುಮಾಡುತ್ತದೆ. ಮದುವೆಯೊಂದರಲ್ಲಿ ತೆಗೆದ ಅವನ ಅತ್ತಿಗೆಯ ಚಿತ್ರ ಟಿವಿಗೆ ಬಂತು. ಮುಖ ಮುತ್ತಿನಂತಿತ್ತು. ಒಂದು ಕಿವಿಯ ಜುಮಕಿ ಮತ್ತು ಮುಡಿದ ಮಲ್ಲಿಗೆಯ ಅರ್ಧ ದಂಡೆ ಹಿನ್ನೆಲೆಗೆ ಸೇರಿ ಕರಗಿಹೋಗಿದ್ದವು. ಅತ್ತಿಗೆಗೆ ತೋರಿಸಿದೆಯಾ ಎಂದು ಎಲ್‌ಐಸಿ ಮೇಡಂ ಕೇಳಿದರು. ಅವನು ಉತ್ತರ ಕೊಡಲಿಲ್ಲ. ದೊಡ್ಡ ಲೆನ್ಸಿನವರು ಬೀಗುವಂತೆಯೂ ಇಲ್ಲ. ಮಳೆಗಾಲ ಬಂತೆಂದರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ, ಬಿಟ್ಟರೆ ಗಾಜನ್ನೇ ತಿನ್ನುತ್ತದೆ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣ ಹಾಕಿಡಬೇಕು. ಗಾಳಿಯಾಡದ ಒಳ್ಳೆಯ ಡಬ್ಬ ಯಾರ ಮನೆಯಲ್ಲೇ ಆಗಲಿ ಹಪ್ಪಳಕ್ಕೆ ಮೀಸಲಾಗಿರುತ್ತದೆ. ಇದರಿಂದ ಎದ್ದ ಜಗಳಗಳ ವಿವರ ಇಲ್ಲಿ ಬೇಡ.

ಇಷ್ಟೆಲ್ಲ ಲೆನ್ಸು, ಶಟರು, ತೂತಿನ ಮಾತು ಯಾತಕ್ಕೆ, ಚಿತ್ರದ ಬಗ್ಗೆ ಮಾತಾಡಬಾರದೇ ಎಂದು ಒಮ್ಮೊಮ್ಮೆ ನನ್ನ ಮನೆಯವಳು ಕೇಳುವುದುಂಟು. ಅವಳಿಗೆ ನಾನು ಹೇಳಿದ್ದು 'ಗೆರೆ' ಎಂಬ ವಿಷಯ ಬಂದ ವಾರದ ಸಂಗತಿ. ರೈಲು ಹಳಿ, ಕರೆಂಟು ತಂತಿ, ರಂಗೋಲಿ, ಮುದುಕರ ಹಣೆ, ನಿರೀಕ್ಷಿಸಿದ್ದೆಲ್ಲ ಬಂದವು. ರೈಲ್ವೆಯಲ್ಲಿ ಗಾರ್ಡ್ ಆಗಿದ್ದ ರಾಯರು ಹಳಿಯ ಚಿತ್ರವನ್ನೇ ತರುತ್ತಾರೆಂದು ಎಲ್ಲರೂ ಎಣಿಸಿದ್ದೆವು. ಅವರು ತಂದದ್ದು ಅಡುಗೆಮನೆಯ ಕ್ಯಾಲೆಂಡರಿನ ಒಂದು ಹಾಳೆ. ಹಾಲಿನ ಲೆಕ್ಕ. ತಾರೀಖಿನ ಪಕ್ಕ ಪೆನ್ಸಿಲಿನಲ್ಲಿ ದಿನಕ್ಕೆ ಎರಡೆರಡು ಗೆರೆ, ಹದಿನಾಲ್ಕರವರೆಗೆ. ಹದಿನಾಲ್ಕರಿಂದಾಚೆ ಒಂದೊಂದೇ.

ಆ ತಿಂಗಳು ಅವರ ಮನೆಯಲ್ಲಿ ಏನಾಯಿತೆಂದು ನಮಗೆಲ್ಲ ಗೊತ್ತಿತ್ತು, ನಾವೆಲ್ಲ ಹೋಗಿದ್ದೆವು. ಟಿವಿಯ ಮುಂದೆ ಯಾರೂ ಮಾತಾಡಲಿಲ್ಲ. ಎಡಕ್ಕೆ ಬರಬೇಕಿತ್ತೆಂದು ಯಾರೂ ಹೇಳಲಿಲ್ಲ, ಕ್ರಾಪಿನ ಮಾತೂ ಬರಲಿಲ್ಲ. ಕೊನೆಗೆ ಬ್ಯಾಂಕಿನವರು ಗಂಟಲು ಸರಿಮಾಡಿಕೊಂಡು ಕೇಳಿದರು.

"ಯಾವ ಲೆನ್ಸು, ರಾಯರೇ?"

"ಫಿಫ್ಟಿ."

"ಅಪರ್ಚರ್ರು?"

"ನಾಲ್ಕು."

"ನಾಲ್ಕೇ ಸರಿ," ಎಂದರು ಮೇಷ್ಟರು. "ಗೆರೆಗಳು ಎಲ್ಲಾ ಸ್ಪಷ್ಟವಾಗಿವೆ."

ಡಾಕ್ಟರು ಎದ್ದು ಹೋಗಿ ತಾವೇ ರಾಯರಿಗೆ ಇನ್ನೊಂದು ಲೋಟ ಕಾಫಿ ತಂದರು. ಗಂಡಸರು ಹತ್ತು ಜನ ಕೂತ ಕಡೆ ಇದಕ್ಕಿಂತ ಬಿಡಿಸಿ ಮಾತಾಡುವುದು ನಮ್ಮ ಊರಿನಲ್ಲಿ ರೂಢಿಯಿಲ್ಲ. ಮನೆಯವಳು ಕೇಳಿ ಸುಮ್ಮನಾದಳು. ಹಪ್ಪಳದ ಡಬ್ಬದ ವಿಷಯದಲ್ಲಿ ಮಾತ್ರ ಬಿಗಿ ಸಡಿಲಿಸಲಿಲ್ಲ.

ಮುಂದಿನ ವಾರಕ್ಕೆ ಚೀಟಿಯಲ್ಲಿ 'ಅರಮನೆ' ಬಂದಿದೆ. ಎಲ್ಲರೂ ಹಣೆ ಚಚ್ಚಿಕೊಂಡರು. ಅದರಲ್ಲಿ ಹೊಸದಾಗಿ ತೆಗೆಯುವುದಕ್ಕೆ ಏನು ಉಳಿದಿದೆ? ಮೇಷ್ಟರು ಪಂಚಾಂಗ ನೋಡಿ ಬಂದು ಒಂದು ಮಾತು ಹೇಳಿದರು. ಅದು ಹೊರಗಿನವರಿಗೂ ಉಪಯೋಗಕ್ಕೆ ಬರುವಂಥದು, ಹಾಗಾಗಿ ಬರೆಯುತ್ತಿದ್ದೇನೆ. ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಭಾನುವಾರಗಳಂದು ಹತ್ತುವುದು ಸಂಜೆ ಏಳಕ್ಕೆ. ದಸರಾ ಹೊತ್ತಿಗೆ ಸೂರ್ಯ ಆರರ ಆಸುಪಾಸಿನಲ್ಲೇ ಮುಳುಗಿರುತ್ತಾನೆ, ಏಳಕ್ಕೆ ಆಕಾಶ ಕಾಡಿಗೆ. ಊರಿಗೆ ಊರೇ ತೆಗೆಯುವ ಫೋಟೋಗಳಲ್ಲಿ ಅರಮನೆ ಕಪ್ಪು ಬಟ್ಟೆಯ ಮೇಲೆ ಅಂಟಿಸಿದ ಹಾಗೆ ಕಾಣುವುದು ಅದಕ್ಕೇ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದೇ ಆರೂ ಮುಕ್ಕಾಲು ದಾಟಿದ ಮೇಲೆ. ಬಲ್ಬು ಹತ್ತಿದಾಗ ಆಕಾಶದಲ್ಲಿ ಇನ್ನೂ ಗಾಢ ನೀಲಿ ಇರುತ್ತದೆ. ಏಳೂ ಹತ್ತರಿಂದ ಏಳೂ ಇಪ್ಪತ್ತರವರೆಗೆ ಎರಡೂ ಬೆಳಕು ಸಮನಾಗುತ್ತವೆ. ಆದ್ದರಿಂದ ಮೆರವಣಿಗೆ ನೋಡುವುದಿದ್ದರೆ ದಸರಾಕ್ಕೆ ಬನ್ನಿ. ಅರಮನೆಯ ಫೋಟೋ ಬೇಕಿದ್ದರೆ ಜೂನ್ ತಿಂಗಳ ಒಂದು ಭಾನುವಾರ ಬನ್ನಿ. ಐಎಸ್‌ಒ ನೂರು, ಅಪರ್ಚರ್ ಎಂಟು, ಕ್ಯಾಮೆರಾ ಅಲುಗದಂತೆ ಎಲ್ಲಾದರೂ ಊರಿ, ಮೀಟರ್ ಹೇಳಿದ್ದಕ್ಕಿಂತ ಒಂದು ಮೆಟ್ಟಿಲು ಕಡಿಮೆ. ಮಳೆಗಾಲ, ಎರಡು ಕೊಡೆ ತನ್ನಿ.