ಕುಶಾದಸಿಯಲ್ಲಿ ಬೋಣಿ

ಎಫೆಸಸ್ ಎಂಬ ಊರನ್ನು ಸಮುದ್ರ ಬಿಟ್ಟುಹೋಗಿ ಶತಮಾನಗಳೇ ಆದವು. ರೋಮನ್ನರ ಕಾಲಕ್ಕೆ ಅದು ಹಡಗುಗಳಿಂದ ಗಿಜಿಗುಡುತ್ತಿದ್ದ ಬಂದರು. ಪಕ್ಕದ ನದಿ ವರ್ಷವರ್ಷವೂ ಹೂಳು ತಂದು ಸುರಿದು ಸುರಿದು, ಈಗ ಅಲ್ಲಿಂದ ಅಲೆ ನೋಡಬೇಕಾದರೆ ಬಸ್ಸು ಹತ್ತಬೇಕು. ಬಂದರು ಹೋಯಿತು, ಹಡಗುಗಳು ಹೋದವು, ರೋಮನ್ನರೂ ಹೋದರು. ಅಂಗಡಿಯವರು ಮಾತ್ರ ಕದಲಲಿಲ್ಲ. ಪಾಳುಬಿದ್ದ ಊರಿನ ಮೇಲ್ಬಾಗಿಲಲ್ಲೊಂದು ಸಾಲು, ಕೆಳಬಾಗಿಲಲ್ಲೊಂದು ಸಾಲು ಕೂತು ಇವತ್ತಿಗೂ ಗಿರಾಕಿಯ ದಾರಿ ಕಾಯುತ್ತಿದ್ದಾರೆ.

ಈಗಿನ ಹಡಗುಗಳು ಬಂದು ನಿಲ್ಲುವುದು ಅಲ್ಲಿಂದ ಸುಮಾರು 20 ಕಿಲೋಮೀಟರು ದೂರದ ಕುಶಾದಸಿಯಲ್ಲಿ. ಅಥೆನ್ಸಿನ ಪಿರೇಯಸ್ ಬಂದರಿನಿಂದ ಹೊರಟು ಗ್ರೀಕ್ ದ್ವೀಪಗಳನ್ನು ಸುತ್ತುವ ಕ್ರೂಸ್ ಹಡಗುಗಳು ಒಂದು ಹಗಲಿನ ಮಟ್ಟಿಗೆ ಈ ಟರ್ಕಿ ಊರಿಗೂ ಬಂದು ಹೋಗುತ್ತವೆ. ಅಂಥದೊಂದು ಹಡಗಿನಲ್ಲಿ ನಾನು, ನನ್ನ ಹೆಂಡತಿ, ಅವಳ ಅಕ್ಕ ಮತ್ತು ಆ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕರು, ಹೋಗಿದ್ದೆವು. ಷಡ್ಡಕರು ಬ್ಯಾಂಕಿನಲ್ಲಿ ಕ್ಯಾಷಿಯರಾಗಿ ಸೇರಿ ಮ್ಯಾನೇಜರಾಗಿ ನಿವೃತ್ತರಾದವರು. ಯಾವ ನೋಟು ಕೈಗೆ ಬಂದರೂ ಮೊದಲು ಬೆಳಕಿಗೆ ಹಿಡಿದು ನೋಡುತ್ತಾರೆ. ಮದುವೆ ಮನೆಯಲ್ಲಿ ಮುಯ್ಯಿ ಬಂದರೂ ಅಷ್ಟೇ. ಅಕ್ಕತಂಗಿಯರು ರಾಮನಗರದವರು, ತವರಿನಲ್ಲಿ ರೇಷ್ಮೆ ನೂಲು ಬಿಚ್ಚುವ ಕಸುಬು. ಅವರಿಬ್ಬರೂ ಗಾಂಧಿ ಬಜಾರಿನಲ್ಲಿ ಸೊಪ್ಪು ಕೊಳ್ಳುವುದನ್ನು ಕಣ್ಣಾರೆ ಕಂಡ ನನಗೆ, ಈ ಪ್ರವಾಸದಲ್ಲಿ ಆತಂಕವಿದ್ದದ್ದು ಟರ್ಕಿಯವರ ಬಗ್ಗೆ.

ಹಿಂದಿನ ರಾತ್ರಿ ಹಡಗಿನ ಥಿಯೇಟರಿನಲ್ಲಿ ಒಂದು ಉಪನ್ಯಾಸ. ಬೀದಿ ವ್ಯಾಪಾರಿಗಳ ಕಣ್ಣು ನೋಡಬೇಡಿ. ಎಲ್ಲಿಂದ ಬಂದಿರಿ ಎಂದು ಕೇಳಿದರೆ ಬಾಯಿ ಬಿಡಬೇಡಿ. ಏನಾದರೂ ಕೈಗೆ ಕೊಟ್ಟರೆ ಮುಟ್ಟಲೇಬೇಡಿ. ಹೀಗೆ ಹೆದರಿಸಿದ ಮೇಲೆ ನಂಬಿಕಸ್ಥ ಅಂಗಡಿಗಳ ಹೆಸರಿದ್ದ ನಕ್ಷೆಯನ್ನು ಎಲ್ಲರಿಗೂ ಹಂಚಿದರು. (ಇಂಥ ನಂಬಿಕಸ್ಥರು ಹಡಗಿನವರಿಗೆ ದುಡ್ಡು ಕೊಟ್ಟೇ ಆ ಪಟ್ಟಿ ಸೇರಿರುತ್ತಾರೆ ಎಂಬುದು ಕ್ರೂಸ್ ಲೋಕದಲ್ಲಿ ಗುಟ್ಟೇನಲ್ಲ.) ಷಡ್ಡಕರು ಎಲ್ಲವನ್ನೂ ಡೈರಿಯಲ್ಲಿ ಬರೆದುಕೊಂಡರು. ಅಕ್ಕತಂಗಿಯರು ಮುಂದಿನ ಸಾಲಿನಲ್ಲಿ ಕೂತು ಒಳ್ಳೆಯ ನಿದ್ದೆ ಮಾಡಿದರು.

ಬೆಳಿಗ್ಗೆ ಹಡಗಿಳಿದರೆ ಊರಿಗೆ ಹೋಗುವ ದಾರಿಯೇ ಮಾಲಿನೊಳಗೆ. ಅದರ ಹೆಸರು ಸ್ಕಾಲಾ ನೂವಾ. ಹಿಂದೆ ಇಟಲಿಯ ವರ್ತಕರು ಈ ಊರನ್ನೇ ಹಾಗೆ ಕರೆಯುತ್ತಿದ್ದರಂತೆ. ಅದನ್ನು ದಾಟಿದರೆ 1618ರಲ್ಲಿ ಪಾಶಾ ಒಬ್ಬ ಕಟ್ಟಿಸಿದ ಕೋಟೆಯಂಥ ಕಲ್ಲಿನ ಛತ್ರ, ಅದೂ ವರ್ತಕರಿಗಾಗಿಯೇ. ಅದರಾಚೆ ಬಜಾರು. ಬಂದರಿನಲ್ಲಿ ಇಳಿದವನು ಏನೂ ಕೊಳ್ಳದೆ ಊರೊಳಗೆ ಕಾಲಿಡಬಾರದು ಎಂದು ನಾನೂರು ವರ್ಷದಿಂದ ಯೋಜನೆ ಹಾಕಿ ಕಟ್ಟಿದಂತಿದೆ.

"ಇಂಡಿಯಾ! ನಮಸ್ತೇ! ಆಮೀರ್ ಖಾನ್!"

ಷಡ್ಡಕರು ಉಪನ್ಯಾಸದ ಪ್ರಕಾರ ತಲೆ ತಗ್ಗಿಸಿ, ಯಾರ ಕಣ್ಣಿಗೂ ಕಣ್ಣು ಕೊಡದೆ ನಡೆದರು. ಆದರೆ ಸರಕನ್ನು ಬಟ್ಟೆ ಹಾಸಿ ಹರಡಿದ್ದೇ ನೆಲದ ಮೇಲೆ. ಹೀಗಾಗಿ ನಮ್ಮ ಪೈಕಿ ಎಲ್ಲವನ್ನೂ ಕೂಲಂಕಷವಾಗಿ ನೋಡಿದವರು ಅವರೊಬ್ಬರೇ ಆದರು. ಒಂದು ಕಡೆ ನೀಲಿ ಗಾಜಿನ ಮಣಿಗಳು, ನಡುವೆ ಬಿಳಿ, ಬಿಳಿಯ ನಡುವೆ ಕಪ್ಪು ಪಾಪೆ. ಟರ್ಕಿಯಲ್ಲಿ ಈ ಮಣಿ ಇಲ್ಲದ ಮನೆಯಿಲ್ಲ, ಟ್ಯಾಕ್ಸಿಯಿಲ್ಲ. ಅಕ್ಕನಿಗೆ ಯಾರೂ ವಿವರಿಸಬೇಕಾಗಲಿಲ್ಲ. "ದೃಷ್ಟಿಗೆ ಕಟ್ಟೋದು ಕಣೇ. ನಾವು ಬೂದುಗುಂಬಳ ಕಟ್ತೀವಿ, ಕೊಳೆಯತ್ತೆ. ಇದಾದ್ರೆ ಹಾಗೇ ಇರತ್ತೆ" ಎಂದು ಕೂತೇಬಿಟ್ಟರು.

ಮಣಿಯ ಮುದುಕ ಹಳೇ ಕಾಲದವನು. ಅವನಿಗೆ ಆಮೀರ್ ಖಾನ್ ಬೇಕಿರಲಿಲ್ಲ. ನಮ್ಮನ್ನು ನೋಡಿ "ಆವಾರಾ" ಹಾಡಿನ ಧಾಟಿ ಗುನುಗಿ "ರಾಜ್ ಕಪೂರ್!" ಎಂದ. ಆ ಚಿತ್ರ ಟರ್ಕಿಯಲ್ಲಿ ಹುಚ್ಚುಹಿಡಿಸುವಂತೆ ಓಡಿತ್ತು; ಹತ್ತಾರು ವರ್ಷ ಕಳೆದರೂ ಅಲ್ಲಿನ ಹಿರಿಯರಿಗೆ ಹಿಂದೂಸ್ತಾನವೆಂದರೆ ಅದೇ. ಅಕ್ಕ ಬಿಡಬೇಕಲ್ಲ.

"ರಾಜ್‌ಕುಮಾರ್ ಗೊತ್ತಾ ನಿಂಗೆ?"

"ಯೆಸ್, ಯೆಸ್, ರಾಜ್ ಕಪೂರ್!"

"ಕಪೂರ್ ಅಲ್ಲಪ್ಪ. ಕುಮಾರ್. ಡಾಕ್ಟರ್ ರಾಜ್‌ಕುಮಾರ್."

ಮುದುಕನಿಗೆ ಅರ್ಥವಾದದ್ದು ಡಾಕ್ಟರ್ ಒಂದೇ. ಅವನು ಷಡ್ಡಕರನ್ನು ಮೇಲಿಂದ ಕೆಳಗೆ ನೋಡಿ, ಎದ್ದು ನಿಂತು ಕೈಕುಲುಕಿ "ಡಾಕ್ಟರ್! ವೆಲ್‌ಕಮ್!" ಎಂದ. ಕೂತವನೇ ಡಾಕ್ಟರಿಗೆ ತಕ್ಕ ರೇಟು ಹೇಳಿದ.

ಇನ್ನು ಮಾತಿಲ್ಲ, ಕ್ಯಾಲ್ಕುಲೇಟರು. ಪ್ರಪಂಚದ ಎಲ್ಲ ಬಂದರುಗಳ ಮಾತೃಭಾಷೆ ಅದು. ಅವನು ಒಂದು ಸಂಖ್ಯೆ ಒತ್ತಿ ತಿರುಗಿಸುತ್ತಾನೆ, ಅಕ್ಕ ಅಳಿಸಿ ಇನ್ನೊಂದು ಒತ್ತುತ್ತಾರೆ. ಅವನು ಎದೆ ಮುಟ್ಟಿಕೊಳ್ಳುತ್ತಾನೆ. ಅಸಲೂ ಗಿಟ್ಟುವುದಿಲ್ಲ ಎಂಬುದಕ್ಕೆ ಯಾವ ದೇಶದಲ್ಲೂ ಎದೆಯನ್ನೇ ಮುಟ್ಟಿಕೊಳ್ಳಬೇಕು. ಷಡ್ಡಕರು ಪಕ್ಕದಿಂದ ಒಂದು ವಿಷಯ ಜ್ಞಾಪಿಸಿದರು: "ಮೊದಲು ಇಲ್ಲಿ ಒಂದು ಲೋಟ ಟೀಗೆ ಲಕ್ಷಗಟ್ಟಲೆ ಲಿರಾ ಆಗ್ತಿತ್ತು. 2005ರಲ್ಲಿ ಸರ್ಕಾರ ಒಂದೇ ಏಟಿಗೆ ಆರು ಸೊನ್ನೆ ಹೊಡೆದುಹಾಕ್ತು."

"ಸರ್ಕಾರವೇ ಆರು ಹೊಡೆದಿದೆಯಂತೆ, ಇವನು ಒಂದು ಹೊಡೆಯೋಕೆ ಒದ್ದಾಡ್ತಾನಲ್ಲ" ಎಂದರು ಅಕ್ಕ.

ಕೊನೆಗೂ ವ್ಯಾಪಾರ ಕುದುರಿತು. ಮುದುಕ ನೋಟು ಇಸಿದುಕೊಂಡು, ಜೇಬಿಗೆ ಹಾಕುವ ಮೊದಲು ತನ್ನ ಗಡ್ಡಕ್ಕೆ ಸವರಿಕೊಂಡ. ದಿನದ ಮೊದಲ ದುಡ್ಡಿಗೆ ಅಲ್ಲಿ ಹಾಗೆ ಮರ್ಯಾದೆ ಮಾಡುತ್ತಾರೆ. ನಮ್ಮವರು ಕಣ್ಣಿಗೊತ್ತಿಕೊಂಡ ಹಾಗೆ. ಅಕ್ಕತಂಗಿಯರು ಮುಖ ಮುಖ ನೋಡಿಕೊಂಡರು.

"ಬೋಣಿ ಕಣೇ!"

"ಅಯ್ಯೋ ಅಕ್ಕ, ಮೊದಲೇ ಗೊತ್ತಿದ್ರೆ ಇನ್ನೂ ಇಳಿಸಬಹುದಿತ್ತು. ಬೋಣಿ ಗಿರಾಕೀನ ಬರಿಗೈಲಿ ಕಳಿಸ್ತಾನಾ ಯಾರಾದ್ರೂ?"

ಆಮೇಲೆ ಎಫೆಸಸ್. ನೋಡತಕ್ಕದ್ದೇ, ಬೇಡವೆನ್ನುವುದಿಲ್ಲ. ಅಮೃತಶಿಲೆಯ ಬೀದಿ, ಸೆಲ್ಸಸ್ ಗ್ರಂಥಾಲಯದ ಎರಡಂತಸ್ತಿನ ಮುಖ, ಎಲ್ಲವೂ ಫೋಟೋದಲ್ಲಿದ್ದಂತೆಯೇ ಇವೆ, ಬಿಸಿಲೊಂದು ಹೆಚ್ಚು. ನನ್ನನ್ನು ಹಿಡಿದು ನಿಲ್ಲಿಸಿದ್ದು ದೊಡ್ಡ ರಂಗಮಂಟಪ. ಸುಮಾರು 25,000 ಜನ ಕೂರಬಹುದಾದ ಆ ಮೆಟ್ಟಿಲುಗಳ ಬಗ್ಗೆ ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಒಂದು ಕಥೆಯಿದೆ. ಎಫೆಸಸ್ಸಿನ ದೇವಿ ಆರ್ಟೆಮಿಸ್. ಅವಳ ಗುಡಿ ಹಳೇ ಪ್ರಪಂಚದ ಏಳು ಅದ್ಭುತಗಳಲ್ಲೊಂದು. ದೂರದೂರದಿಂದ ಬರುವ ಯಾತ್ರಿಕರಿಗೆ ಬೆಳ್ಳಿಯ ಪುಟ್ಟ ಗುಡಿ ಮಾಡಿ ಮಾರುವುದು ದೆಮೇತ್ರಿಯಸ್ ಎಂಬ ಅಕ್ಕಸಾಲಿಯ ಕಸುಬು. ಅಲ್ಲಿಗೆ ಬಂದ ಸಂತ ಪೌಲ, ಕೈಯಿಂದ ಮಾಡಿದ್ದು ದೇವರಲ್ಲ ಎಂದು ಬೋಧಿಸತೊಡಗಿದ. ದೆಮೇತ್ರಿಯಸ್ ಕಸುಬಿನವರನ್ನೆಲ್ಲ ಸೇರಿಸಿ, ಮೊದಲು ನಮ್ಮ ವ್ಯಾಪಾರಕ್ಕೆ ಕುತ್ತು, ಆಮೇಲೆ ದೇವಿಯ ಮಹಿಮೆಗೂ ಕುತ್ತು ಎಂದು ಭಾಷಣ ಮಾಡಿದ. ಈ ಕ್ರಮವನ್ನು ಗಮನಿಸಬೇಕು, ದೆಮೇತ್ರಿಯಸ್ ಪ್ರಾಮಾಣಿಕ. ಊರಿಗೆ ಊರೇ ರಂಗಮಂಟಪಕ್ಕೆ ನುಗ್ಗಿ ಎರಡು ಗಂಟೆ ದೇವಿಗೆ ಜಯಕಾರ ಹಾಕಿತಂತೆ. ಬಹುಪಾಲು ಜನಕ್ಕೆ ಯಾಕೆ ಸೇರಿದ್ದೇವೆಂದೇ ಗೊತ್ತಿರಲಿಲ್ಲ ಎಂದೂ ಆ ಕಥೆ ಹೇಳುತ್ತದೆ. ಎರಡು ಸಾವಿರ ವರ್ಷದ ಹಿಂದಿನ ಸುದ್ದಿಯಾದರೂ ಬೆಂಗಳೂರಿನವನಿಗೆ ಹೊಸದೇನೂ ಅನ್ನಿಸಲಿಲ್ಲ.

ಆ ಅದ್ಭುತ ಗುಡಿಯಲ್ಲಿ ಈಗ ಎತ್ತಿ ನಿಲ್ಲಿಸಿದ ಒಂದೇ ಒಂದು ಕಂಬವಿದೆ. ಪೂಜೆಯಿಲ್ಲ, ಪೂಜಾರಿಯಿಲ್ಲ. ಆದರೆ ಕೆಳಬಾಗಿಲಿನಿಂದ ಹೊರಗೆ ಬಂದರೆ ಸಾಲು ಸಾಲಾಗಿ ಆರ್ಟೆಮಿಸ್! ದೊಡ್ಡದು, ಸಣ್ಣದು, ಕೀಚೈನಿನಲ್ಲಿ ನೇತಾಡುವುದು. ಅದೇ ತಟ್ಟೆಯಲ್ಲಿ ಮೇರಿ ಮಾತೆ, ಅವಳು ಕೊನೆಗಾಲ ಕಳೆದಳೆಂದು ನಂಬುವ ಮನೆಯೂ ಹತ್ತಿರದ ಬೆಟ್ಟದಲ್ಲಿರುವುದರಿಂದ. ಪೌಲ ಮತ್ತು ದೆಮೇತ್ರಿಯಸ್ ಬಗೆಹರಿಸಲಾಗದ ಜಗಳವನ್ನು ಅಂಗಡಿಯವನು ಯಾವುದು ತಗೊಂಡರೂ ಒಂದೇ ರೇಟು ಎಂದು ಬಗೆಹರಿಸಿದ್ದ.

ಅವನ ಪಕ್ಕದಲ್ಲಿ ಕೈಗಡಿಯಾರದ ಅಂಗಡಿ. ಮೇಲೆ ದಪ್ಪಕ್ಷರದ ಬೋರ್ಡು: ಇಲ್ಲಿ ಅಪ್ಪಟ ನಕಲಿ ವಾಚುಗಳು ದೊರೆಯುತ್ತವೆ. ಷಡ್ಡಕರು ಬಹಳ ಹೊತ್ತು ಅದರ ಮುಂದೆ ನಿಂತಿದ್ದರು. "ನನ್ನ ಸರ್ವಿಸಿನಲ್ಲಿ ಹೀಗೆ ನಿಜ ಬರೆದ ಒಂದು ಸಾಲದ ಅರ್ಜಿ ನೋಡಲಿಲ್ಲ ನಾನು" ಎಂದರು.

ಅಷ್ಟರಲ್ಲಿ ಒಬ್ಬ ಪಕ್ಕಕ್ಕೆ ಬಂದು, ಅತ್ತಿತ್ತ ನೋಡಿ, ಮುಷ್ಟಿ ಬಿಚ್ಚಿದ. ಹಸಿರುಗಟ್ಟಿದ ನಾಣ್ಯ. "ರೋಮನ್. ನಮ್ಮ ಹೊಲದಲ್ಲಿ ಸಿಕ್ಕಿದ್ದು. ಯಾರಿಗೂ ಹೇಳಬೇಡಿ." ಟರ್ಕಿಯಿಂದ ಪ್ರಾಚೀನ ವಸ್ತು ಸಾಗಿಸುವುದು ಜೈಲಿಗೆ ಹೋಗುವ ಅಪರಾಧ. ಪಾಪ, ಅವನು ತಿಳಿಯದೆ ಎದುರಿಗಿಟ್ಟದ್ದು ಮೂವತ್ತು ವರ್ಷ ಖೋಟಾ ಹಿಡಿದ ಕಣ್ಣಿನ ಮುಂದೆ. ಷಡ್ಡಕರು ಕನ್ನಡಕ ಏರಿಸಿದರು, ಅಂಚು ಸವರಿದರು, ಕಲ್ಲಿನ ಮೇಲೆ ಟಣ್ಣೆನಿಸಿದರು. "ಫೇಕ್" ಎಂದರು. ಅವನು ಒಂದಿಷ್ಟೂ ಬೇಸರಿಸಲಿಲ್ಲ. "ಹಾಗಾದರೆ ಧೈರ್ಯವಾಗಿ ತಗೊಳ್ಳಿ, ಪೊಲೀಸರು ಹಿಡಿಯೋದಿಲ್ಲ!" ಎಂದ. ನಾವು ನಗುತ್ತ ಬಸ್ಸಿನ ಕಡೆ ನಡೆದೆವು.

ಬಸ್ಸು ನೇರ ಬಂದರಿಗೆ ಹೋಗಲಿಲ್ಲ. ಅಂಥ ಬಸ್ಸುಗಳು ಹೋಗುವುದೂ ಇಲ್ಲ. ರತ್ನಗಂಬಳಿಯ ಅಂಗಡಿಯೊಂದರ ಅಂಗಳಕ್ಕೆ ತಿರುಗಿತು. ಹೊಟ್ಟೆ ತುಂಬಿ ಸೊಂಟ ಸಣ್ಣಗಿರುವ ಪುಟ್ಟ ಗಾಜಿನ ಲೋಟಗಳಲ್ಲಿ ಸೇಬಿನ ಟೀ ಬಂತು. ಟರ್ಕಿಯವರು ಕುಡಿಯುವುದು ಕಡುಗೆಂಪು ಟೀ. ಈ ಸೇಬಿನದು ಹೆಚ್ಚಾಗಿ ನಮ್ಮಂಥವರಿಗೇ ಮೀಸಲು. ಬಾಗಿಲು ದಾಟುವಾಗಲೇ ಅಕ್ಕ ಮೂಗರಳಿಸಿದರು. "ಗೂಡು ಬೇಯಿಸ್ತಾ ಇದಾರೆ!" ಮೂಲೆಯಲ್ಲಿ ಬಿಸಿನೀರಿನ ಬಾಣಲೆಯಲ್ಲಿ ರೇಷ್ಮೆಗೂಡುಗಳು ತೇಲುತ್ತಿದ್ದವು. ಸೂಟು ತೊಟ್ಟ ಮಾರಾಟಗಾರ ಒಂದು ಗೂಡು ಎತ್ತಿ ಹಿಡಿದು, ಇದು ಏನೆಂದು ಯಾರಾದರೂ ಹೇಳಬಲ್ಲಿರಾ ಎಂದು ನಾಟಕೀಯವಾಗಿ ಕೇಳಿದ. ರಾಮನಗರದಲ್ಲಿರುವುದು ಏಷ್ಯಾಕ್ಕೇ ದೊಡ್ಡದೆನ್ನಿಸಿಕೊಂಡ ಗೂಡಿನ ಮಾರುಕಟ್ಟೆ.

"ರೆಂಡಿಟ್ಟ ಎಷ್ಟು ಬರತ್ತೆ?" ಎಂದರು ಅಕ್ಕ. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕೆಂಬ ಲೆಕ್ಕ ಅದು. ನಾನು ಇಂಗ್ಲಿಷಿನಲ್ಲಿ ಕೇಳಿದೆ. ಅವನಿಗೆ ತಿಳಿಯಲಿಲ್ಲ. ಬಾಣಲೆಯ ಹತ್ತಿರ ಕೂತಿದ್ದ ಹೆಂಗಸನ್ನು ಕೇಳಿದ. ಅವಳು ಅಕ್ಕನನ್ನು ನೋಡಿ ನಕ್ಕು ಪಕ್ಕಕ್ಕೆ ಸರಿದಳು. ಅಕ್ಕ ಸೆರಗು ಸಿಕ್ಕಿಸಿ ಕೂತು ಎಳೆ ಹಿಡಿದರು. ಅಲ್ಲಿಗೆ ಪ್ರದರ್ಶನ ಮುಗಿಯಿತು. ಹೆರೆಕೆ ಎಂಬ ಊರಿನ ರೇಷ್ಮೆ ಗಂಬಳಿಯಲ್ಲಿ ಚದರ ಸೆಂಟಿಮೀಟರಿಗೆ ನೂರು ಗಂಟು, ಜೋಡಿ ಗಂಟು, ಈ ಕಡೆಯಿಂದ ನೋಡಿದರೆ ಕಡುಬಣ್ಣ, ಆ ಕಡೆಯಿಂದ ತಿಳಿಬಣ್ಣ ಎಂದು ಅವನು ಗಂಬಳಿಗಳನ್ನು ಗಾಳಿಯಲ್ಲಿ ಬೀಸಿ ಬೀಸಿ ಹಾಸುತ್ತಲೇ ಇದ್ದ, ಬಸ್ಸಿನವರೆಲ್ಲ ಅಕ್ಕನ ಸುತ್ತ ನಿಂತು ವಿಡಿಯೋ ಮಾಡುತ್ತಿದ್ದರು. ಉಳಿದ ಒಬ್ಬರೇ ಪ್ರೇಕ್ಷಕರಾದ ಷಡ್ಡಕರು ಬೆಲೆ ಕೇಳಿ, ರೂಪಾಯಿಗೆ ಪರಿವರ್ತಿಸಿ, ಕ್ಯಾಲ್ಕುಲೇಟರನ್ನು ಜೇಬಿಗೆ ಹಾಕಿ, ಇನ್ನೊಂದು ಟೀ ಕೇಳಿದರು.

ಬಂದರಿನಲ್ಲಿ ಕೊನೆಯ ಸುತ್ತು ನನ್ನ ಹೆಂಡತಿಯದು, ಚರ್ಮದ ಕೈಚೀಲಕ್ಕೆ. ಹಡಗು ಹೊರಡುವ ಹೊತ್ತು ನಮಗಿಂತ ಆ ಬೀದಿಯವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅರ್ಧ ಗಂಟೆ ಮುಂಚೆ ಒಳಗಿರಬೇಕೆಂಬುದೂ ಗೊತ್ತು. ಅವಸರದವನು ಜಾಸ್ತಿ ಕೊಡುತ್ತಾನೆ ಎಂಬುದು ಅವರ ಲೆಕ್ಕ. ಹಡಗು ಹೋದರೆ ಚೀಲ ಅಂಗಡಿಯವನಲ್ಲೇ ಉಳಿಯುತ್ತದೆ ಎಂಬುದು ಇವಳ ಲೆಕ್ಕ. ಒಂದು ರೇಟು ಹೇಳಿ ಹಿಂತಿರುಗಿ ನೋಡದೆ ನಡೆದಳು. ಅವನು ಚೀಲ ಹಿಡಿದು ಹಿಂದೆ ಬಂದ. ಹಡಗಿನ ಕಾರ್ಡು ತೋರಿಸಿ ಒಳಗೆ ಹೋಗುವ ಗೇಟಿನ ಆಚೆ ಅವನು ಬರುವಂತಿಲ್ಲ. ಗೇಟಿಗೆ ಇನ್ನು ಹತ್ತು ಹೆಜ್ಜೆ ಇರುವಾಗ ಒಪ್ಪಿದ.

ರಾತ್ರಿ ಊಟದ ಮೇಜಿನಲ್ಲಿ ಇನ್ನೊಂದು ಸುತ್ತು, ಈ ಬಾರಿ ಅಹಮದಾಬಾದಿನ ದಂಪತಿಗಳ ಜೊತೆ. ಅವರ ಹತ್ತಿರವೂ ಅದೇ ಚೀಲ. ಇವಳು ಕೊಟ್ಟದ್ದಕ್ಕಿಂತ ಐದು ಯೂರೋ ಕಮ್ಮಿ ಹೇಳಿದಳು. ಆಕೆ ಅದಕ್ಕಿಂತ ಐದು ಕಮ್ಮಿ ಹೇಳಿದರು. ಅಕ್ಕ, ದೃಷ್ಟಿಮಣಿಯನ್ನು ಚೀಲದ ಜೊತೆ ಪುಕ್ಕಟೆ ಕೊಟ್ಟರು ಎಂದುಬಿಟ್ಟರು. ಇವರೆಲ್ಲ ಒಟ್ಟಿಗೆ ಕೂತು ಇನ್ನರ್ಧ ಗಂಟೆ ಊಟ ಮಾಡಿದ್ದರೆ ಟರ್ಕಿಯವರೇ ನಮಗೆ ಬಾಕಿ ಕೊಡಬೇಕಾಗುತ್ತಿತ್ತು. ಆಗ ಷಡ್ಡಕರು ಕರವಸ್ತ್ರ ತೆಗೆಯಲು ಜೇಬಿಗೆ ಕೈಹಾಕಿದರು. ಅದರ ಜೊತೆ ಹಸಿರುಗಟ್ಟಿದ ಆ ನಾಣ್ಯವೂ ಹೊರಬಂದು ತಟ್ಟೆಯ ಮೇಲೆ ಟಣ್ಣೆಂದಿತು.

"ಖೋಟಾ ಅಂತ ನೀವೇ ಹೇಳಿದ್ರಲ್ಲ! ಯಾಕ್ರೀ ತಗೊಂಡ್ರಿ?" ಎಂದರು ಅಕ್ಕ.

ಷಡ್ಡಕರು ಅದನ್ನೆತ್ತಿ ದೀಪದ ಬೆಳಕಿಗೆ ಹಿಡಿದರು. "ಸರ್ವಿಸಿನಲ್ಲಿ ಇದ್ದಷ್ಟು ದಿನವೂ ಖೋಟಾ ಸಿಕ್ಕಿದ ತಕ್ಷಣ ಸೀಲು ಹೊಡೆದು, ರಿಜಿಸ್ಟರಿನಲ್ಲಿ ಬರೆದು ಒಪ್ಪಿಸಬೇಕಿತ್ತು ಕಣೆ. ಒಂದಾದರೂ ನನಗೇ ಅಂತ ಇರಲಿ ಅನ್ನಿಸ್ತು."