ಸೈಂಧವ, ಸೂರ್ಯ ಮತ್ತು ರಿಮೋಟು

ರಿಮೋಟ್ ಕೈಕೊಟ್ಟರೆ ಮೊದಲು ತೊಡೆಗೆ ತಟ್ಟಬೇಕು. ಆಮೇಲೆ ಹಿಂದಿನ ಮುಚ್ಚಳ ತೆಗೆದು ಸೆಲ್ಲುಗಳನ್ನು ಹೆಬ್ಬೆರಳಿನಲ್ಲಿ ಉರುಳಿಸಬೇಕು. ಅದಕ್ಕೂ ಜಗ್ಗದಿದ್ದರೆ ಸೆಲ್ಲನ್ನು ಹಲ್ಲಿನಲ್ಲಿ ಕಚ್ಚಬೇಕು. ಈ ವೈದ್ಯವನ್ನು ನಮಗೆ ಯಾರೂ ಕಲಿಸಲಿಲ್ಲ. ಟೀವಿ ಇದ್ದ ಮನೆಯಲ್ಲಿ ಬೆಳೆದವರಿಗೆಲ್ಲ ತಾನಾಗಿ ಬಂದಿದೆ. ಮಾಕಳಿದುರ್ಗದ ಬೆಟ್ಟದ ಕೆಳಗೆ ‘ಕುರುಕ್ಷೇತ್ರ’ ನಾಟಕವಾದ ರಾತ್ರಿ, ಸ್ಟೇಜ್ ಲೈಟಿನ ದುಬಾರಿ ರಿಮೋಟಿಗೂ ಇದೇ ಮದ್ದು ನಡೆಯಿತು. ಅದೂ ತಟ್ಟಿದ್ದು ದುರ್ಯೋಧನನ ತೊಡೆಗೆ. ಬೆಳಗಿನ ಜಾವ ಭೀಮನ ಗದೆ ಬೀಳಬೇಕಾದ ಜಾಗ ಅದು.

ದುರ್ಯೋಧನ ನಮ್ಮ ಮಾವ. ದೊಡ್ಡಬಳ್ಳಾಪುರದ ಕಡೆ ಹಳ್ಳಿ ನಾಟಕದಲ್ಲಿ ನಟನಿಗೆ ಸಂಬಳವಿಲ್ಲ, ನಟನೇ ಪಾತ್ರಕ್ಕೆ ದುಡ್ಡು ಕಟ್ಟುತ್ತಾನೆ. ಹೆಚ್ಚು ಪದ್ಯವಿರುವ ಪಾತ್ರಕ್ಕೆ ಹೆಚ್ಚು ರೇಟು. ಅಷ್ಟು ಕೊಟ್ಟು ಕಿರೀಟ ಇಟ್ಟವನು ಮಂಕು ಬೆಳಕಿನಲ್ಲಿ ನಿಲ್ಲುತ್ತಾನೆಯೇ? ಹಾಗಾಗಿ ಸೀನರಿ, ಡ್ರೆಸ್ಸು, ಹಾರ್ಮೋನಿಯಂ ಮೇಷ್ಟ್ರ ಜೊತೆಗೆ ಈ ಸಲ ಲೈಟಿಂಗ್ ಬೋರ್ಡೂ ಬಾಡಿಗೆಗೆ ಬಂತು. ಬೋರ್ಡಿನ ಜೊತೆ ಅಂಗೈಯಗಲದ, ಗಿಡ್ಡ ಆ್ಯಂಟೆನಾದ ಈ ರಿಮೋಟು. 1934ರಲ್ಲಿ ಗುಬ್ಬಿ ವೀರಣ್ಣನವರು ತಮ್ಮ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿದ್ದರು. ಆನೆಗೆ ಸೆಲ್ ಹಾಕುವ ತಾಪತ್ರಯ ಇರಲಿಲ್ಲ.

ರಿಮೋಟಿನ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಮೊದಲಾದರೆ ಒಬ್ಬ ಏಣಿ ಹತ್ತಿ ಲೈಟು ತಿರುಗಿಸುವನು, ಇನ್ನೊಬ್ಬ ಮೈದಾನದ ಆ ತುದಿಯಲ್ಲಿ ಬೋರ್ಡಿನ ಮುಂದೆ ಕೂರುವನು. “ಏಳು ಹಾಕ್ಲಾ!” “ಏಳೇ ಹಾಕಿವ್ನಿ!” “ಅದು ಏಳಲ್ಲ ಕಣ್ಲಾ!” ಊರಿನ ಅರ್ಧ ಜನಕ್ಕೆ ಲೈಟಿನ ನಂಬರು ಬಾಯಿಪಾಠವಾಗುತ್ತಿತ್ತು. ಈಗ ಏಣಿಯ ಮೇಲೆ ಇರುವವನೇ ನಂಬರು ಒತ್ತುತ್ತಾನೆ, ಲೈಟು ಹತ್ತುತ್ತದೆ. ಮಧ್ಯಾಹ್ನವೆಲ್ಲ ಅದು ಹೇಳಿದ ಮಾತು ಕೇಳಿತು.

ಸಂಜೆ ಜನ ಸೇರುತ್ತಿದ್ದಂತೆ ತೊದಲತೊಡಗಿತು. ಒಂದು ಅಪ್ಪಣೆ ಹೋದರೆ ಎರಡು ಹೋಗದು. ಕಾರಣ ಹೇಳುವವರಿಗೆ ಬರವಿಲ್ಲ. ಬೆಟ್ಟದ ಬುಡದಲ್ಲಿ ಹಾದುಹೋಗುವ ರೈಲಿನ ಕರೆಂಟು ಲೈನು ಎಳೆದುಕೊಳ್ಳುತ್ತಿದೆ ಎಂದು ಒಬ್ಬರು. ದೇವನಹಳ್ಳಿ ವಿಮಾನ ನಿಲ್ದಾಣ 2008ರಲ್ಲಿ ಶುರುವಾದಾಗಿನಿಂದ ಆಕಾಶವೇ ಸರಿಯಿಲ್ಲ ಎಂದು ಇನ್ನೊಬ್ಬರು. ಘಾಟಿ ಸುಬ್ರಹ್ಮಣ್ಯ ಇಷ್ಟು ಹತ್ತಿರದಲ್ಲಿರುವಾಗ ಹುತ್ತ ಗಿತ್ತ ನೋಡದೆ ಟೇಬಲ್ ಇಟ್ಟಿರಾ ಎಂದು ಹಿರಿಯರ ಆಕ್ಷೇಪ. ಮಾವ ಮೀಸೆ ಬರೆಸಿಕೊಳ್ಳುತ್ತಲೇ ನನ್ನನ್ನು ಕರೆದರು. “ಅಳಿಯ, ನೀನು ಕಂಪ್ಯೂಟರ್ ಕೆಲಸ ಅಲ್ವೇನಪ್ಪ, ಒಂಚೂರು ನೋಡು.” ನಾನು ಕಂಪ್ಯೂಟರಿನಲ್ಲಿ ಮಾಡುವುದು ಸಂಬಳದ ಲೆಕ್ಕ. ನಾನು ನೋಡುವಷ್ಟರಲ್ಲಿ ಪರದೆ ಎದ್ದಿತು.

ಬೋರ್ಡು ಜನರ ಹಿಂದೆ. ಲೈಟಿನ ಹುಡುಗ ಮಾತ್ರ ರಿಮೋಟ್ ಹಿಡಿದು ರಂಗದ ಪಕ್ಕದಲ್ಲಿ, ಮೇಷ್ಟ್ರ ಕಣ್ಸನ್ನೆ ಕಾಣುವಲ್ಲಿ. ಸೈಂಧವ ವಧೆ ಬಂತು. ಕೃಷ್ಣ ಚಕ್ರ ಎತ್ತಿದ, ಹುಡುಗ ಗುಂಡಿ ಒತ್ತಿದ, ಸೂರ್ಯ ಮರೆಯಾದ. ಸೈಂಧವ ಗಹಗಹಿಸಿ ಹೊರಬಂದ. “ಅಗೋ ಸೂರ್ಯ!” ಎಂದ ಕೃಷ್ಣ. ಸೂರ್ಯನಿಲ್ಲ. ಮತ್ತೆ “ಅಗೋ!” ಎಂದ. ಕತ್ತಲೆ. ಅರ್ಜುನ ಬಾಣ ಹೂಡಿದ್ದಾನೆ, ಗುರಿ ಕಾಣದು. ಮೇಷ್ಟ್ರು ಜಾಣರು, ರಾಗ ಎಳೆದರು. ತಲೆ ಕಳೆದುಕೊಳ್ಳಲು ದುಡ್ಡು ಕಟ್ಟಿ ಬಂದಿದ್ದ ಸೈಂಧವ, ಆಯುಷ್ಯ ಹೇಗೂ ಸಿಕ್ಕಿದೆಯೆಂದು ಇನ್ನೊಂದು ಪದ್ಯ ಹಾಡಿದ. ಕತ್ತಲೆಯಲ್ಲೇ “ಒನ್ಸ್ ಮೋರ್” ಬಂತು! ಅಷ್ಟರಲ್ಲಿ ಹುಡುಗ ಜನರನ್ನು ತುಳಿದುಕೊಂಡು ಓಡಿ, ಬೋರ್ಡಿನ ಫೇಡರನ್ನು ಕೈಯಲ್ಲೇ ಎತ್ತಿದ. ದ್ವಾಪರದ ಸೂರ್ಯ ಕಾಲ್ನಡಿಗೆಯಲ್ಲಿ ಬಂದ.

ಆಮೇಲೆ ಸಾವಧಾನವಾಗಿ ನೋಡಿದೆವು. ಬೋರ್ಡಿನಿಂದ ಲೈಟಿಗೆ ಅಪ್ಪಣೆ ಹೋಗುವುದು ಡಿಎಂಎಕ್ಸ್ 512 ಎಂಬ, 1986ರಲ್ಲಿ ಬಂದ ಪದ್ಧತಿಯಲ್ಲಿ, ಕೇಬಲಿನ ಮೇಲೆ. ಅದಕ್ಕೇನೂ ಆಗಿರಲಿಲ್ಲ. ಬೋರ್ಡಿನ ಪಕ್ಕ ನಿಂತು ಒತ್ತಿದರೆ ರಿಮೋಟೂ ಸರಿಯಾಗಿತ್ತು. ಅಂದರೆ ಸೆಲ್ ಸತ್ತಿಲ್ಲ, ಎರಡರ ಜೋಡಿ ನಂಬರೂ ತಪ್ಪಿಲ್ಲ. ಮಧ್ಯಾಹ್ನ ಇಲ್ಲದ್ದು ರಾತ್ರಿ ಏನು ಬಂತು? ಜನ. ಈ ರಿಮೋಟು ಮಾತಾಡುವುದು 2.4 ಗಿಗಾಹರ್ಟ್ಸ್ ರೇಡಿಯೋ ಅಲೆಯಲ್ಲಿ. ವೈಫೈ, ಬ್ಲೂಟೂತ್ ಕೂಡ ಅದೇ ಓಣಿಯವು. ಜೊತೆಗೆ ಆ ಅಲೆಯನ್ನು ನೀರು ಹೀರುತ್ತದೆ. ಮನುಷ್ಯನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಊರಿನವರು ಬಂದು ಕೂತಿದ್ದೆಂದರೆ, ಅಲೆಯ ಪಾಲಿಗೆ ಸ್ಟೇಜಿಗೂ ಬೋರ್ಡಿಗೂ ನಡುವೆ ಒಂದು ವೈಶಂಪಾಯನ ಸರೋವರ ತುಂಬಿದಂತೆ. ಸಾಲದ್ದಕ್ಕೆ ರಿಸೀವರು ಟೇಬಲಿನ ಮೇಲೆ, ಕೂತವರ ತಲೆಗಿಂತ ಕೆಳಗೆ. ಹುಡುಗ ಬೇರೆ ರಿಮೋಟಿನ ಮೂತಿಯನ್ನು ಟೀವಿಗೆ ಹಿಡಿದಂತೆ ಬೋರ್ಡಿಗೆ ಗುರಿ ಹಿಡಿಯುತ್ತಿದ್ದ. ಟೀವಿಯದು ಅವಗೆಂಪು ಬೆಳಕು, ಅದಕ್ಕೆ ಗುರಿ ಬೇಕು. ರೇಡಿಯೋ ಆ್ಯಂಟೆನಾದ ತುದಿಯ ದಿಕ್ಕಿನಲ್ಲೇ ಅಲೆ ಎಲ್ಲಕ್ಕಿಂತ ಕಡಿಮೆ. ಅದನ್ನು ನೆಟ್ಟಗೆ ನಿಲ್ಲಿಸಿ ಹಿಡಿಯಬೇಕು.

ಉದ್ದನೆಯ ಯುಎಸ್‌ಬಿ ವೈರು ಹಾಕಿ ರಿಸೀವರನ್ನು ಬಿದಿರು ಗಳಕ್ಕೆ ಕಟ್ಟಿ ತಲೆಗಳ ಮೇಲಕ್ಕೆ ಎತ್ತಿದೆವು. ಕರ್ಣನ ರಥದ ಚಕ್ರ ಹೂಳುವ ಹೊತ್ತಿಗೆ ಬೆಳಕು ಕೇಳಿದಂತೆ ಬಂತು. ಮಾವನ ತೊಡೆಯೂ ಒಳ್ಳೆಯ ಬೆಳಕಿನಲ್ಲೇ ಮುರಿಯಿತು. ಗಳ ನೆಟ್ಟಿದ್ದಕ್ಕೇ ಹುತ್ತದ ದೋಷ ಹೋಯಿತೆಂದು ಆ ಹಿರಿಯರು ಈಗಲೂ ಹೇಳುತ್ತಾರೆ.

ರಿಮೋಟು ಏಣಿ ಹತ್ತುವ ಮಧ್ಯಾಹ್ನಕ್ಕೆ ಸರಿ. ಆಟದ ರಾತ್ರಿ ಬೋರ್ಡಿನ ಮುಂದೆ ಒಬ್ಬ ಮನುಷ್ಯನೇ ಕೂರಬೇಕು. ನಿಮ್ಮೂರಲ್ಲಿ ನಾಟಕ ಇಟ್ಟುಕೊಂಡಿದ್ದರೆ ಬೋರ್ಡನ್ನೇ ರಂಗದ ಪಕ್ಕಕ್ಕೆ ತರಿಸಿ, ಕೇಬಲ್ ಬಾಡಿಗೆಗೆ ಚೌಕಾಸಿ ಮಾಡಬೇಡಿ. ಸೈಂಧವ ವಧೆ ಇದ್ದರಂತೂ ಮಾಡಲೇಬೇಡಿ.